ಆಲೆಮನೆಗೆ ಅತಿಥಿ ಬರುವ ಹೊತ್ತು

ಬೆಲ್ಲ ಕಾಯಿಸುವ ನಿಮ್ಮ ಆಲೆಮನೆಯನ್ನು ಟಿಕೆಟ್ ಇಟ್ಟು ಅತಿಥಿಗಳಿಗೆ ತೋರಿಸುವುದಾದರೆ, ಮೊದಲು ದಾರಿ ನೋಡಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಕಾರುಗಳು ಮದ್ದೂರು, ಮಂಡ್ಯಕ್ಕೆ ಇಳಿಯದೆ ಬೈಪಾಸಿನಲ್ಲೇ ಹೊರಟುಬಿಡುತ್ತವೆ. ಹಳೇ ರಸ್ತೆಯಲ್ಲಿ ‘ಆಲೆಮನೆ ನೋಡಬನ್ನಿ’ ಎಂದು ಬೋರ್ಡು ನೆಟ್ಟು ಕಾದರೆ ಪ್ರಯೋಜನ ಕಡಿಮೆ. ಮೊದಲೇ ಫೋನ್ ಮಾಡಿ ಬರುವವರನ್ನೇ ನಂಬಿ ಲೆಕ್ಕ ಹಾಕಿ.

ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಟ್ಟು ಒಲೆ ಹೊತ್ತಿಸಿದ ಮೇಲೆ ಬೆಲ್ಲ ಇಳಿಯಲು ಎರಡು–ಮೂರು ಗಂಟೆ ಬೇಕು. ಸಮಯ ಕೊಡುವ ಮುನ್ನ ಪಾಕ ನೋಡುವವರನ್ನು ಕೇಳಿ. ಇಳಿಸುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ಅತಿಥಿ ಬಂದರೆ ಸಾಕು. ಸುಣ್ಣ, ಬೆಂಡೆಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುವುದು ಆಗಲೇ ಮುಗಿದಿರುತ್ತದೆ. ಅದನ್ನು ಬಾಯಲ್ಲಿ ಹೇಳಿದರಾಯಿತು. ಜನ ನೋಡಬೇಕಾದ್ದು ಕೊನೆಯ ಹದ. ಪಾಕ ಸುಮಾರು 115–118 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಕರಗದೆ ಉಂಡೆಯಾಗುತ್ತದೆ. ಆ ಉಂಡೆಯನ್ನು ಅತಿಥಿಯ ಕೈಗೇ ಕೊಡಿ.

ಈ ಹೊತ್ತಿನಲ್ಲೇ ಅಪಾಯವೂ ಇರುವುದು. ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಕೊಪ್ಪರಿಗೆಯಿಂದ ಎರಡು ಮೀಟರ್ ದೂರಕ್ಕೆ ಗಳ ಕಟ್ಟಿ, ಗಾಣದ ಬೆಲ್ಟಿಗೆ ಜಾಲರಿ ಹಾಕಿಸಿ. ಒಂದು ಸಲಕ್ಕೆ ಹನ್ನೆರಡು ಜನ, ಅಷ್ಟೇ.

ಕೆಡುವುದೆಲ್ಲ ಹಿಂದಿನ ದಿನವೇ ಕೆಟ್ಟಿರುತ್ತದೆ. ಅತಿಥಿ ನಾಳೆ ಬರುತ್ತಾರೆಂದು ಕಡಿದ ಕಬ್ಬನ್ನು ಎರಡು ದಿನ ಇಟ್ಟರೆ ಅದರ ಸಕ್ಕರೆ ಒಡೆದು, ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಸುಣ್ಣ ಹೆಚ್ಚಾದರೆ ಕಪ್ಪು. ಮಳೆ ಹಿಡಿದರೆ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ಒಣಗದೆ ಒಲೆಯೇ ಉರಿಯದು. ಆ ದಿನಗಳಿಗೆ ಮುಂಗಡ ತೆಗೆದುಕೊಳ್ಳಬೇಡಿ.

ಬಿಸಿ ಬೆಲ್ಲವನ್ನು ಕವರಿಗೆ ತುಂಬಿ ಕೊಡುವುದು ದೊಡ್ಡ ತಪ್ಪು. ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಬಿಸಿಯದ್ದನ್ನು ಬಾಳೆಲೆಯ ಮೇಲೆ ಕೊಬ್ಬರಿ ಜೊತೆ ಅಲ್ಲೇ ತಿನ್ನಲಿ. ಮನೆಗೆ ಒಯ್ಯಲು ಹಿಂದಿನ ದಿನದ, ಪೂರ್ತಿ ಆರಿದ ಅಚ್ಚು ಕೊಡಿ. ಮಾರುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು.

ಇನ್ನೊಂದು ಮುಜುಗರದ ಮಾತು. ಮೂಲೆಯಲ್ಲಿ ಸಕ್ಕರೆ ಮೂಟೆ, ಬೆಲ್ಲದ ಬಣ್ಣ ತಿಳಿಯಾಗಿಸುವ ಹೈಡ್ರೋಸ್ ರಾಸಾಯನಿಕದ ಡಬ್ಬ ಇಟ್ಟುಕೊಂಡು ಬಾಗಿಲು ತೆರೆಯಲಾಗದು. ಹೈಡ್ರೋಸಿನಿಂದ ಬೆಲ್ಲದಲ್ಲಿ ಉಳಿಯುವ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ಮೀರುವಂತಿಲ್ಲ. ಬಣ್ಣ ಕಂದಾಗಿದ್ದರೆ ಕಂದೆಂದೇ ಹೇಳಿ. ಪೇಟೆಯಿಂದ ಬರುವವರು ಈಗ ಹುಡುಕುವುದು ಅದನ್ನೇ.

ಸಾಲ ಬೇಕಾದರೆ, ಕಿರು ಆಹಾರ ತಯಾರಿಕಾ ಘಟಕಗಳಿಗೆಂದು ಕೇಂದ್ರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯಕ್ಕೆ ಗೊತ್ತುಮಾಡಿರುವ ಉತ್ಪನ್ನ ಬೆಲ್ಲವೇ. ಯೋಜನೆ ಈಗ ಜಾರಿಯಲ್ಲಿದೆಯೇ ವಿಚಾರಿಸಿಕೊಳ್ಳಿ. ಅದರ ಮೂಲ ನಿಯಮದಂತೆ ಸಹಾಯಧನ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ. ಅದು ಬೆಲ್ಲದ ಘಟಕಕ್ಕೆ. ಅತಿಥಿಗಳ ಚಪ್ಪರ, ಶೌಚಾಲಯದ ಖರ್ಚನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ. ಕೊಪ್ಪರಿಗೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಅತಿಥಿಯೆಂದರೆ ಕೆಲಸಕ್ಕೆ ಅಡ್ಡಿ. ಟಿಕೆಟ್ಟಿನ ಪಾಲನ್ನು ಅದೇ ಸಂಜೆ ಅವರ ಕೈಗೆ ಕೊಡಿ.