ಆಟಿಯಲ್ಲಿ ಉಬ್ಬುವ ಬಾಗಿಲಿಗೆ ಯಾವ ಲೇಪ?

ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯ ಮನೆಗಳಲ್ಲಿ ಬೇಸಗೆಯಲ್ಲಿ ಸಲೀಸಾಗಿ ಮುಚ್ಚುವ ಕೋಣೆಯ ಬಾಗಿಲು ಜಡಿಮಳೆಯ ಆಟಿ ತಿಂಗಳಲ್ಲಿ ದಾರಂದಕ್ಕೆ ಕಚ್ಚಿಕೊಂಡು, ಭುಜ ಕೊಟ್ಟು ತಳ್ಳದೆ ತೆರೆಯುವುದಿಲ್ಲ. ಆಚಾರಿಯನ್ನು ಕರೆಸಿ ಅಂಚನ್ನು ಕೀಸಿಸಿದರೆ, ಮಾರ್ಚ್ ಬರುವಷ್ಟರಲ್ಲಿ ಅದೇ ಸಂದಿಯಲ್ಲಿ ಬೆರಳು ತೂರುತ್ತದೆ. ಇದರಲ್ಲಿ ಆಚಾರಿಯ ತಪ್ಪೂ ಇಲ್ಲ, ಮರದ ತಪ್ಪೂ ಇಲ್ಲ.

ಮರದ ಜೀವಕೋಶಗಳ ಗೋಡೆ ಗಾಳಿಯಲ್ಲಿರುವ ನೀರಾವಿಯನ್ನು ಹೀರಿ ಉಬ್ಬುತ್ತದೆ, ಬಿಟ್ಟುಕೊಟ್ಟು ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65 ಇದ್ದಾಗ ಮರದಲ್ಲಿ ಸುಮಾರು ಶೇ. 12ರಷ್ಟು ನೀರು ನಿಲ್ಲುತ್ತದೆ, ಮಳೆಗಾಲದಂತೆ ಶೇ. 90ಕ್ಕೇರಿ ಬಹುಕಾಲ ಅಲ್ಲೇ ಉಳಿದರೆ ಅದು ಶೇ. 20ರ ಹತ್ತಿರ ಬರುತ್ತದೆ. ಉಬ್ಬುವುದು ಎಳೆಗೆ ಅಡ್ಡಲಾಗಿ ಮಾತ್ರ, ಉದ್ದಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ತೇಗದಂಥ ಶಾಂತ ಮರವೂ ತನ್ನೊಳಗಿನ ನೀರು ಶೇ. 6ರಷ್ಟು ಹೆಚ್ಚಿದರೆ ನೂರಕ್ಕೆ ಒಂದು ಪಾಲಿನಷ್ಟು ಅಗಲವಾಗಬಲ್ಲದು: 800 ಮಿ.ಮೀ. ಅಗಲದ ಹಲಗೆಬಾಗಿಲಿನಲ್ಲಿ ಇದು ಸುಮಾರು 8 ಮಿ.ಮೀ. ಚೌಕಟ್ಟು ಕಟ್ಟಿ, ಅದರ ಒಳಂಚಿನಲ್ಲಿ ಕೊರೆದ ಗಾಡಿಯೊಳಗೆ (ಉದ್ದನೆಯ ತೋಡಿನೊಳಗೆ) ಹಲಗೆಯನ್ನು ಅಂಟಿಸದೆ ಸಡಿಲವಾಗಿ ಕೂರಿಸುವ ಹಳೆಯ ಪದ್ಧತಿ ಹುಟ್ಟಿದ್ದೇ ಈ ಚಲನೆಗೆ ಜಾಗ ಬಿಡಲು. ಅಂಥ ಹಲಗೆಗೆ ಜೋಡಿಸುವ ಮುನ್ನವೇ ಪಾಲಿಶ್ ಹಾಕದಿದ್ದರೆ, ಬೇಸಗೆಯಲ್ಲಿ ಅದು ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಬಿಳಿಗೆರೆಯೊಂದು ಇಣುಕುತ್ತದೆ.

ನೀರಾವಿಯನ್ನು ಪೂರ್ತಿ ತಡೆಯುವ ಲೇಪವೇ ಇಲ್ಲ. ಇರುವುದು ಅದರ ಓಟವನ್ನು ನಿಧಾನಗೊಳಿಸುವ ಲೇಪಗಳು ಮಾತ್ರ. ಈ ಕೆಲಸದಲ್ಲಿ ಎಣ್ಣೆಗಳು ದುರ್ಬಲ. ಅಗಸೆ ಎಣ್ಣೆಯ ಅಣುಗಳಲ್ಲಿರುವ ದ್ವಿಬಂಧಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಅದು ಗಟ್ಟಿಯಾಗುತ್ತದೆ. ನಮ್ಮ ತೆಂಗಿನೆಣ್ಣೆಯಲ್ಲಿ ಅಂಥ ಬಂಧಗಳು ತೀರ ಕಡಿಮೆಯಾದ್ದರಿಂದ ಬಾಗಿಲಿಗೆ ಬಳಿದರೆ ಎಷ್ಟು ದಿನ ಕಳೆದರೂ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲನ್ನು ದೂರವಿಡುವುದು ನಿಜವಾದರೂ, ಚರ್ಮ ಸುಡುವ, ಮರವನ್ನು ಕಪ್ಪಾಗಿಸುವ ಅದು ಮಾಡಿನ ಹೆಂಚು ಹೊರುವ ಪಕಾಸಿಗೆ ಸರಿ, ದಿನಕ್ಕೆ ಹತ್ತು ಬಾರಿ ಕೈ ತಾಗುವ ಬಾಗಿಲಿಗಲ್ಲ.

ಅರಗಿನ ಪಾಲಿಶ್ ಆವಿಯನ್ನು ಸಾಕಷ್ಟು ಚೆನ್ನಾಗಿ ತಡೆಯುತ್ತದೆ, ಮರದ ಬಣ್ಣಕ್ಕೆ ಅದು ಕೊಡುವ ಆಳವನ್ನು ನಾನು ಬೇರೆ ಯಾವುದರಲ್ಲೂ ಕಂಡಿಲ್ಲ. ಆದರೆ ಅದು ಮದ್ಯಸಾರದಲ್ಲಿ ಕರಗಿಸಿ ಹಚ್ಚುವ ವಸ್ತು. ಆದ್ದರಿಂದ ಮತ್ತೆ ಮದ್ಯಸಾರ ತಾಗಿದರೆ ಕರಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲೇ ಚಿಲಕ ಎಳೆಯುವ ಅಭ್ಯಾಸವಾದರೆ ಚಿಲಕದ ಸುತ್ತ ಅಂಗೈಯಗಲ ಹೊಳಪು ಹೋಗುತ್ತದೆ. ಸಾಬೂನು ನೀರಿಗೂ ಅದು ತಾಳುವುದಿಲ್ಲ. ಮಲಗುವ ಕೋಣೆಗೆ, ದೇವರ ಕೋಣೆಗೆ ಅದು ಸಾಕು; ಕೆಟ್ಟ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದೆಂಬುದು ಅದರ ದೊಡ್ಡ ಗುಣ. ಬಚ್ಚಲು, ಅಡುಗೆಮನೆಯ ಬಾಗಿಲುಗಳಿಗೆ ಎರಡು ದ್ರವಗಳನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಮೇಲು. ರಾಸಾಯನಿಕ ಕ್ರಿಯೆಯಿಂದ ಬಲೆಯಂತೆ ಹೆಣೆದುಕೊಂಡ ಆ ಪದರ ಮತ್ತೆ ಕರಗುವುದಿಲ್ಲ. ಅದೇ ಕಾರಣಕ್ಕೆ ಒಮ್ಮೆ ಸಿಪ್ಪೆಯೆದ್ದರೆ ತೇಪೆ ಹಾಕುವುದು ಕಷ್ಟ. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕದ ಆವಿ ಶ್ವಾಸಕೋಶಕ್ಕೆ ಕೆಡುಕಾದ್ದರಿಂದ, ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು.

ಯಾವುದನ್ನೇ ಆರಿಸಿದರೂ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು, ಗೃಹಪ್ರವೇಶದ ಮುಹೂರ್ತ ಏನೇ ಹೇಳಲಿ. ಮಳೆಯಲ್ಲಿ ಅರಗು ಹಚ್ಚಿದರೆ, ಮದ್ಯಸಾರ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಹನಿಗಟ್ಟುವುದರಿಂದ ಪದರವೆಲ್ಲ ಬೆಳ್ಳಗೆ ಮಂಕಾಗುತ್ತದೆ.

ಇನ್ನು ಎಲ್ಲರೂ ಮರೆಯುವುದು ಮೇಲಿನ, ಕೆಳಗಿನ ಅಂಚುಗಳನ್ನು. ಚೌಕಟ್ಟಿನ ನಿಲುಗಂಬಗಳ ಎಳೆಗಳು ಅಲ್ಲಿ ತೆರೆದ ಕೊಳವೆಗಳಂತೆ ಬಾಯಿಬಿಟ್ಟಿರುವುದರಿಂದ ಮರ ನೀರನ್ನು ಅಲ್ಲಿಂದಲೇ ಅತಿವೇಗವಾಗಿ ಹೀರುತ್ತದೆ. ಬಾಗಿಲು ಕೂರಿಸುವ ಮೊದಲೇ ಆ ಅಂಚುಗಳಿಗೆ ಎರಡು ಮೂರು ಕೈ ಹೆಚ್ಚೇ ಹಚ್ಚಿಸಬೇಕು. ಈಗಾಗಲೇ ಕೂರಿಸಿದ ಬಾಗಿಲಾದರೆ ಬಿಜಾಗರಿ ಕಳಚಬೇಕಿಲ್ಲ: ಮುಖಕ್ಷೌರದ ಪುಟ್ಟ ಕನ್ನಡಿಯೊಂದನ್ನು ಅಡಿಗೆ ತೂರಿಸಿ, ಟಾರ್ಚು ಬಿಟ್ಟು ನೋಡಿದರೆ, ಬರಿಮೈಯಲ್ಲಿ ಬಿಟ್ಟ ಮರ ಬೂದುಗಪ್ಪಾಗಿ ಕಾಣುತ್ತದೆ.