ತಪ್ಪು ಅವರದು, ಗಡುವು ನಮ್ಮದು

"ಸರ, ತಪ್ಪು ಅವರದೈತಿ. ಮತ್ತ ನಾವ್ಯಾಕ ಇನ್ನೊಮ್ಮೆ ರೊಕ್ಕ ತುಂಬೂದು?" ವೀಸಾ ಕಚೇರಿಯಿಂದ ಬಂದ ಕೆನಡಾ ವರ್ಕ್ ಪರ್ಮಿಟ್ ನಿರಾಕರಣೆಯ ಪತ್ರವನ್ನು ಮೊಬೈಲಿನಲ್ಲಿ ತೋರಿಸುತ್ತ ಬೆಳಗಾವಿಯ ನನ್ನ ಆಫೀಸಿಗೆ ಬರುವವರು ಬಹುತೇಕ ಹೀಗೇ ಶುರುಮಾಡುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ಆದರೆ ನನಗೆ ಮೊದಲು ಬೇಕಾದದ್ದು ಪತ್ರ ಬಂದ ತಾರೀಖು. ಕೆನಡಾದ ಹೊರಗಿನಿಂದ ಹಾಕಿದ ಅರ್ಜಿ ತಿರಸ್ಕಾರವಾದರೆ ಅಲ್ಲಿನ ಫೆಡರಲ್ ಕೋರ್ಟಿಗೆ ಹೋಗಲು, ವಿಷಯ ತಿಳಿದ ದಿನದಿಂದ 60 ದಿನ. ಒಳಗಿದ್ದು ಹಾಕಿದ್ದಾದರೆ ಬರೀ 15. ಕೋರ್ಟಿನ ತನಕ ಹೋಗುವವರು ಕಡಿಮೆ, ನಿಜ. ಆದರೂ ಆ ದಾರಿ ತೆರೆದಿರುವಾಗ, ತೀರ್ಮಾನವನ್ನು ಮತ್ತೊಮ್ಮೆ ನೋಡಿ ಎಂದು ವೀಸಾ ಕಚೇರಿಗೆ ಬರೆದ ಪತ್ರಕ್ಕಿರುವ ತೂಕ ಮುಚ್ಚಿದ ಮೇಲೆ ಬರೆದದ್ದಕ್ಕಿರುವುದಿಲ್ಲ. ತಾರೀಖು ಕೇಳಿದರೆ ಎಷ್ಟೋ ಜನ ತಡವರಿಸುತ್ತಾರೆ. ಅರ್ಜಿಯಲ್ಲಿ ಕೊಟ್ಟದ್ದು ಏಜೆಂಟರ ಇಮೇಲ್. ಪತ್ರ ಅವರ ಇನ್‌ಬಾಕ್ಸಿನಲ್ಲಿ ವಾರಗಟ್ಟಲೆ ಬಿದ್ದಿರುತ್ತದೆ.

ಆಮೇಲೆ ನೋಡಬೇಕಾದದ್ದು, ಅದು ನಿಜಕ್ಕೂ ತಪ್ಪೇ ಎಂಬುದು. ಎರಡು ವರ್ಷದ ಆಫರ್ ಇದ್ದರೂ ಹದಿನಾಲ್ಕು ತಿಂಗಳಿಗಷ್ಟೇ ಪರ್ಮಿಟ್ ಕೊಟ್ಟಿದ್ದಾರೆ ಎಂದು ಸಿಟ್ಟಾದವರ ಪಾಸ್‌ಪೋರ್ಟ್ ತೆಗೆದು ನೋಡಿದರೆ, ಅದೇ ಹದಿನಾಲ್ಕು ತಿಂಗಳಿಗೆ ಮುಗಿಯುತ್ತಿರುತ್ತದೆ. ಪಾಸ್‌ಪೋರ್ಟಿನ ಅವಧಿ ದಾಟಿ ಪರ್ಮಿಟ್ ಕೊಡುವಂತಿಲ್ಲ. ಹಾಗೆಯೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಇದ್ದರೆ, ಇದ್ದ ಹೆಸರನ್ನೇ ಆ ಜಾಗಕ್ಕೆ ಹಾಕುವುದು ಕೆನಡಾದ ಪದ್ಧತಿ. ಇವೆರಡಕ್ಕೂ ತಕರಾರು ಬರೆದು ಫಲವಿಲ್ಲ.

ಇನ್ನು ನಮ್ಮ ಜಿಲ್ಲೆಗಳದೇ ಆದ ಗೊಂದಲಗಳಿವೆ. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ; ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ತಾರೀಖು ಅದು. 01-06 ಎಂದು ಬರೆದದ್ದನ್ನು ತಿಂಗಳು ಮೊದಲು ಬರೆಯುವ ರೂಢಿಯವರು ಜನವರಿ 6 ಎಂದು ಓದುತ್ತಾರೆ. ತಾರೀಖು ಹದಿನೈದೋ ಇಪ್ಪತ್ತೋ ಆಗಿದ್ದರೆ ತಪ್ಪು ಕೂಡಲೇ ಸಿಕ್ಕಿಬೀಳುತ್ತಿತ್ತು, ಹದಿನೈದನೇ ತಿಂಗಳು ಇಲ್ಲವಲ್ಲ. ಜೂನ್ 1ರದ್ದು ಸಿಕ್ಕುವುದಿಲ್ಲ. ಅದಕ್ಕೇ ನಮ್ಮ ಕೈಯಿಂದ ಹೋಗುವ ಪತ್ರಗಳಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಸುತ್ತೇನೆ. ಊರಿನ ಹೆಸರಿನದು ಇನ್ನೊಂದು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬಿಜಾಪುರ, ಹೊಸ ಪೊಲೀಸ್ ಸರ್ಟಿಫಿಕೇಟಿನಲ್ಲಿ ವಿಜಯಪುರ. ಕಡತ ನೋಡುವ ಅಧಿಕಾರಿಗೆ ಅವು ಎರಡು ಊರು. ಸಾಲದ್ದಕ್ಕೆ ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ! ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿಯನ್ನೂ ನಾಲ್ಕು ಸಾಲಿನ ವಿವರಣೆಯನ್ನೂ ಅರ್ಜಿಯ ಜೊತೆಗೇ ಇಟ್ಟುಬಿಡಿ.

ನಿಜವಾದ ತಪ್ಪುಗಳೂ ಆಗುತ್ತವೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ವರ್ಷಾನುಗಟ್ಟಲೆ ದುಡಿದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್ ಒಬ್ಬರಿಗೆ ವಿದೇಶದ ವೀಸಾ ಕಚೇರಿಯೊಂದು "ಅನುಭವ ಪತ್ರ ಸಲ್ಲಿಸಿಲ್ಲ" ಎಂದು ಬರೆದಿತ್ತು. ಸಲ್ಲಿಸಿದ್ದರು. ಆದರೆ ಪೋರ್ಟಲಿನಲ್ಲಿ ಅಪ್‌ಲೋಡಿಗೆ ಇದ್ದದ್ದು ಒಂದೇ ಜಾಗವಾದ್ದರಿಂದ ಎಲ್ಲ ಕಾಗದ ಸೇರಿಸಿ ಒಂದೇ ಪಿಡಿಎಫ್ ಮಾಡಿದ್ದರು. ಪತ್ರ ನಡುವೆಲ್ಲೋ ಹೂತಿತ್ತು. ಮೊದಲ ಪುಟದಲ್ಲಿ ಒಂದು ಪರಿವಿಡಿ ಇದ್ದಿದ್ದರೆ ಅಧಿಕಾರಿಯ ಕಣ್ತಪ್ಪುತ್ತಿರಲಿಲ್ಲವೇನೋ.

ಇಂಥಲ್ಲಿ ಮರುಪರಿಶೀಲನೆಯ ಕೋರಿಕೆ ಒಂದು ಪುಟ ಮೀರಬಾರದು. ನೀವು ಹೀಗೆ ಹೇಳಿದ್ದೀರಿ, ದಾಖಲೆ ಇಂಥ ಪುಟದಲ್ಲಿದೆ, ಸಲ್ಲಿಸಿದ ರಸೀದಿ ಇದು. ಅಷ್ಟೇ. ಕುಟುಂಬದ ಕಷ್ಟ, ಸಾಲ, ಅನ್ಯಾಯದ ವರ್ಣನೆ ಬೇಡ. ಬರೆಯುವ ಮುಂಚೆ, ನಿರಾಕರಣೆಗೆ ಕಾರಣವೇನೆಂದು ಅಧಿಕಾರಿ ಕಡತದಲ್ಲಿ ಬರೆದಿಟ್ಟ ಟಿಪ್ಪಣಿ ಓದಿರಬೇಕು. 2025ರ ಜುಲೈ ಕೊನೆಯಿಂದ ಕೆನಡಾ ಕೆಲವು ಬಗೆಯ ನಿರಾಕರಣೆ ಪತ್ರಗಳ ಜೊತೆ ಅದನ್ನು ತಾನೇ ಕಳಿಸತೊಡಗಿದೆ. ಬರದಿದ್ದರೆ ಕೆನಡಾದ ಮಾಹಿತಿ ಕಾನೂನುಗಳಡಿ ಕೇಳಿ ಪಡೆಯಬಹುದು. ಆದರೆ ನೆನಪಿರಲಿ, ಮರುಪರಿಶೀಲನೆಗೆ ಕೊಟ್ಟಿದ್ದೇವೆಂದು ಆ 60 ದಿನದ ಲೆಕ್ಕ ನಿಲ್ಲುವುದಿಲ್ಲ. ಕೋರ್ಟಿನಲ್ಲಿ ಗೆದ್ದರೂ ಪರ್ಮಿಟ್ ಕೈಗೆ ಬರುವುದಿಲ್ಲ. ಕಡತ ಸಾಮಾನ್ಯವಾಗಿ ಇನ್ನೊಬ್ಬ ಅಧಿಕಾರಿಯ ಟೇಬಲ್ಲಿಗೆ ಹೋಗುತ್ತದೆ.

ನಮ್ಮ ಎಂಪಿ ಸಾಹೇಬರ ಪತ್ರ ತರಲೇನು ಎಂದು ಕೇಳುವವರುಂಟು. ಅದರಿಂದ ಏನೂ ಆಗದು. ಆದರೆ ಕೆನಡಾದ ಮಾಲೀಕ ತನ್ನ ಕ್ಷೇತ್ರದ ಸಂಸದರ ಕಚೇರಿಗೆ ಹೋಗಿ ಕೇಳಿದರೆ ಬೆಲೆಯಿದೆ. ವಲಸೆ ಕಡತ ಎಲ್ಲಿ ನಿಂತಿದೆ ಎಂದು ವಿಚಾರಿಸುವುದು ಅಲ್ಲಿ ಸಂಸದರ ಕಚೇರಿಗಳ ದಿನನಿತ್ಯದ ಕೆಲಸ.

ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ (ನುರಿತ ಕೆಲಸಗಾರರ) ವೀಸಾ ಅರ್ಜಿಗಳಿಗೆ ದಾರಿ ಇನ್ನೂ ನೇರ. ಅಧಿಕಾರಿಯ ತಪ್ಪನ್ನು ಪ್ರಶ್ನಿಸಲೆಂದೇ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಇದೆ: 80 ಪೌಂಡ್ ಶುಲ್ಕ, ಹೊರಗಿದ್ದರೆ 28 ದಿನ, ಒಳಗಿದ್ದರೆ 14. ಬಿಟ್ಟುಹೋದ ಕಾಗದವನ್ನು ಆಗ ಹೊಸದಾಗಿ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಎಷ್ಟೋ ಸಲ ಹೊಸ ಅರ್ಜಿ ಹಾಕುವುದೇ ಬೇಗ ಮುಗಿಯುವ ದಾರಿ. ಕೆನಡಾದ ವರ್ಕ್ ಪರ್ಮಿಟ್ ಶುಲ್ಕ 155 ಕೆನಡಾ ಡಾಲರ್ ಮತ್ತೆ ಕಟ್ಟುವುದು ಹೊಟ್ಟೆ ಉರಿಸುತ್ತದೆ, ಆದರೆ ಮೊದಲ ಅರ್ಜಿಯಲ್ಲಿ ನಮ್ಮ ಕಾಗದವೂ ತೆಳುವಾಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಅಪಾಯ ಇರುವುದು ಒಂದು ಪ್ರಶ್ನೆಯಲ್ಲಿ. 'ಹಿಂದೆ ಯಾವುದಾದರೂ ದೇಶ ನಿಮ್ಮ ಅರ್ಜಿ ನಿರಾಕರಿಸಿದೆಯೇ?' ತಪ್ಪು ಅವರದಾಗಿತ್ತಲ್ಲ, ಅದು ಲೆಕ್ಕಕ್ಕಿಲ್ಲ ಎಂದುಕೊಂಡು 'ಇಲ್ಲ' ಒತ್ತುತ್ತಾರೆ. ಕೆಲವು ಏಜೆಂಟರು ಹಾಗೇ ಒತ್ತಿಸುತ್ತಾರೆ. ಅದನ್ನು ಸುಳ್ಳು ಮಾಹಿತಿ ಎಂದು ತೀರ್ಮಾನಿಸಿದರೆ ಕೆನಡಾ ಐದು ವರ್ಷ ಬಾಗಿಲು ಹಾಕುತ್ತದೆ. ಅವರ ತಪ್ಪಿಗೆ ಪರಿಹಾರ ಹುಡುಕಬಹುದು, ಈ 'ಇಲ್ಲ'ಕ್ಕೆ ಕಷ್ಟ. 'ಹೌದು' ಒತ್ತಿ, ಕೆಳಗೆ ಎರಡು ಸಾಲಿನಲ್ಲಿ ನಡೆದದ್ದನ್ನು ಬರೆಯಿರಿ.

ಮಂಜೂರಾಗಿ ಹೊರಟವರಿಗೆ ಒಂದು ಮಾತು. ಇಲ್ಲಿ ಬರುವುದು ಪರಿಚಯ ಪತ್ರ ಮಾತ್ರ, ಪರ್ಮಿಟ್ ಮುದ್ರಿಸಿ ಕೊಡುವುದು ಕೆನಡಾದ ವಿಮಾನ ನಿಲ್ದಾಣದಲ್ಲಿ. ಹಿಂದೆ ಸಾಲು ಉದ್ದವಿದ್ದರೂ ಕೌಂಟರ್ ಬಿಡುವ ಮುಂಚೆ ಹೆಸರು, ಜನ್ಮದಿನ, ಪಾಸ್‌ಪೋರ್ಟ್ ಸಂಖ್ಯೆ, ಮಾಲೀಕರ ಹೆಸರು, ಮುಗಿಯುವ ತಾರೀಖು ಓದಿಕೊಳ್ಳಿ. ಅಲ್ಲೇ ಹೇಳಿದರೆ ನಿಮಿಷದಲ್ಲಿ ತಿದ್ದಿಕೊಡುತ್ತಾರೆ. ಹೊರಗೆ ಬಂದ ಮೇಲೆ ಐಎಂಎಂ 1436 ಎಂಬ ಫಾರ್ಮ್ ತುಂಬಿ ಕಾಯಬೇಕು.