ಚಂಡಮಾರುತ ಬಂದ ಊರಿಗೆ ಏನು ಕಳಿಸಲಿ?

ಓದುಗರ ಪ್ರಶ್ನೆ: ಒಡಿಶಾ, ಆಂಧ್ರ ಕಡೆ ಚಂಡಮಾರುತ ಬಂತು ಅಂತ ಟಿವಿಯಲ್ಲಿ ನೋಡಿದಾಗೆಲ್ಲ ಸುಮ್ನೆ ಕೂರಲು ಮನಸ್ಸಾಗುವುದಿಲ್ಲ. ಬಟ್ಟೆ, ಅಕ್ಕಿ ಕಲೆಹಾಕಿ ಒಂದು ಲಾರಿ ಕಳಿಸೋಣ ಅಂತ ನಮ್ಮ ಬೀದಿಯವರು ಹೇಳುತ್ತಿದ್ದಾರೆ. ಅದರಿಂದ ನಿಜವಾಗಿ ಉಪಯೋಗ ಇದೆಯಾ? ದುಡ್ಡು ಕೊಟ್ಟರೆ ಸಾಕಾ? ಇಲ್ಲ, ನಾವೇ ನಾಲ್ಕು ಜನ ಹೋಗಿ ಕೆಲಸ ಮಾಡಬೇಕಾ?

ನೇರವಾಗಿ ಹೇಳುತ್ತೇನೆ. ಲಾರಿ ಬೇಡ. ದುಡ್ಡು ಕೊಡಿ. ಆದರೆ ಎಲ್ಲವನ್ನೂ ಮೊದಲ ವಾರವೇ ಕೊಟ್ಟು ಮುಗಿಸಬೇಡಿ. ಅರ್ಧ ಈಗ ಕೊಡಿ, ಇನ್ನರ್ಧ ಮೂರು ತಿಂಗಳು ಬಿಟ್ಟು ಕೊಡಿ. ನೀವೇ ಹೋಗುವುದಾದರೂ ಆಗಲೇ ಹೋಗಿ, ಟಿವಿಯವರೆಲ್ಲ ಕ್ಯಾಮೆರಾ ಎತ್ತಿಕೊಂಡು ವಾಪಸ್ ಬಂದ ಮೇಲೆ.

ಒರಟು ಮಾತು ಅನ್ನಿಸಿದರೆ ಬೇಜಾರಾಗಬೇಡಿ. ಬೀದಿಯ ಹುಡುಗರು ಮನೆಮನೆ ಸುತ್ತಿ ಚೀಲ ತುಂಬಿಸುವಾಗ ಅವರಲ್ಲಿರುವ ಹುರುಪು ನನಗೆ ಗೊತ್ತು. 2019ರ ಮೇನಲ್ಲಿ ಫನಿ ಚಂಡಮಾರುತ ಪುರಿ ಹತ್ತಿರ ದಡ ಮುಟ್ಟಿದಾಗ ನಾವೂ ಹೀಗೇ ಸುತ್ತಿದ್ದೆವು. ಎರಡು ದಿನದಲ್ಲಿ ಅರ್ಧ ಲಾರಿ ಬಟ್ಟೆ ಸೇರಿತು. ಚೀಲದ ಮೇಲೆ ದಪ್ಪ ಮಾರ್ಕರ್‌ನಲ್ಲಿ ‘ಮಕ್ಕಳ ಬಟ್ಟೆ’, ‘ಸೀರೆ’, ‘ಚಾದರ’ ಅಂತ ಬರೆದಿದ್ದು ನಾನೇ.

ಅದೇ ವರ್ಷ ಆಗಸ್ಟ್‌ನಲ್ಲಿ ಆ ಕಡೆ ಹೋಗುವ ಅವಕಾಶ ಬಂತು. ಪುರಿಯಿಂದ ಬ್ರಹ್ಮಗಿರಿ ದಾರಿಯಲ್ಲಿ ಒಂದು ಶಾಲೆ. ಅದರ ಜಗಲಿಯ ಮೂಲೆಯಲ್ಲಿ ಚೀಲಗಳ ರಾಶಿ ಇತ್ತು. ಮಳೆ ಎರಚಲಿಗೆ ಅರ್ಧ ನೆನೆದಿತ್ತು, ಮುಗ್ಗಲು ವಾಸನೆ ಬರುತ್ತಿತ್ತು. ಹತ್ತಿರ ಹೋಗಿ ನೋಡಿದರೆ ‘ಮಕ್ಕಳ ಬಟ್ಟೆ’. ನನ್ನದೇ ಅಕ್ಷರ. ಕನ್ನಡದಲ್ಲಿ ಬರೆದಿದ್ದನ್ನು ಅಲ್ಲಿ ಓದುವವರು ಯಾರು? ಬಿಚ್ಚಿ, ಬೇರೆ ಮಾಡಿ, ಮನೆಮನೆಗೆ ಹಂಚುವಷ್ಟು ಕೈಗಳು ಮೇ ತಿಂಗಳಲ್ಲಿ ಅಲ್ಲಿ ಯಾರಿಗೂ ಇರಲಿಲ್ಲ. ಆ ಜನ ತಮ್ಮ ಮನೆಯ ಮಾಡು ಹುಡುಕುತ್ತಿದ್ದರು. ಸುಮಾರು 1,500 ಕಿ.ಮೀ. ಲಾರಿ ಬಾಡಿಗೆಗೆ ಹೋದ ದುಡ್ಡಲ್ಲಿ ಭುವನೇಶ್ವರದಲ್ಲೇ ಎಷ್ಟು ಟಾರ್ಪಾಲು ಬರುತ್ತಿತ್ತು ಅಂತ ಅಲ್ಲೇ ನಿಂತು ಲೆಕ್ಕ ಹಾಕಿದೆ. ಆ ದಿನ ಊಟ ಸೇರಲಿಲ್ಲ.

ಹಾಗಾದರೆ ಮೊದಲ ವಾರ ಯಾರೂ ಏನೂ ಮಾಡಬಾರದಾ? ಖಂಡಿತ ಮಾಡಬೇಕು. ಆದರೆ ಆ ಕೆಲಸ ಈಗ ಯಾರ ಕೈಯಲ್ಲಿದೆ ಅನ್ನುವುದು ಗೊತ್ತಿರಬೇಕು. ಅದಕ್ಕೆ ಫನಿಗಿಂತ 20 ವರ್ಷ ಹಿಂದಕ್ಕೆ ಹೋಗಬೇಕು.

1999ರ ಅಕ್ಟೋಬರ್ 29ರಂದು ಒಡಿಶಾದ ಪಾರಾದೀಪ್ ಹತ್ತಿರ ಸೂಪರ್ ಸೈಕ್ಲೋನ್, ಅಂದರೆ ಅತಿ ಭೀಕರ ಚಂಡಮಾರುತ ಬಂತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಆದರೆ ಗಾಳಿಗಿಂತ ಜಾಸ್ತಿ ಜನರನ್ನು ಕೊಂದಿದ್ದು ನೀರು. ಸಮುದ್ರ ಐದಾರು ಮೀಟರ್ ಮೇಲೆದ್ದು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಕಡೆಯ ಹಳ್ಳಿಗಳಿಗೆ ನುಗ್ಗಿತು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ 10 ಸಾವಿರ. ಅವರಲ್ಲಿ ಬಹುಪಾಲು ಜನ ಎರಸಮಾ ಸುತ್ತಲಿನವರು. ಅದೇ ರಾಜ್ಯದ ಗಂಜಾಂ ಕಡೆ ಇನ್ನೊಂದು ಚಂಡಮಾರುತ ಹೊಡೆದು ಆಗ ಎರಡು ವಾರವೂ ಆಗಿರಲಿಲ್ಲ. ಸರ್ಕಾರದ ಆಳು, ಸಾಮಾನು ಎಲ್ಲ ಆ ಕಡೆ ಹೋಗಿತ್ತು. ರಸ್ತೆ ತುಂಬ ಮರ ಬಿದ್ದು, ಫೋನ್ ಸತ್ತು, ಎಷ್ಟೋ ಹಳ್ಳಿಗಳಿಗೆ ದಿನಗಟ್ಟಲೆ ಯಾರೂ ತಲುಪಲಿಲ್ಲ. ಮರ ಕೊಯ್ಯುವ ಗರಗಸವೇ ಸಾಕಷ್ಟು ಇರಲಿಲ್ಲ.

ಆಗ ಹೊರಗಿನಿಂದ ಬಂದ ಸ್ವಯಂಸೇವಕರು ಮಾಡಿದ ಕೆಲಸ ಹೇಳಲು ನಾಲಿಗೆ ಏಳುವುದಿಲ್ಲ. ಗದ್ದೆಯಲ್ಲಿ, ಕೆರೆಯಲ್ಲಿ ಕೊಳೆಯುತ್ತಿದ್ದ ಹೆಣಗಳನ್ನು ಎತ್ತಿ ಸುಟ್ಟರು. ಲಕ್ಷಗಟ್ಟಲೆ ದನಕರು ಸತ್ತಿದ್ದವು. ಅವನ್ನೂ ಹೂಳಬೇಕಿತ್ತು, ಇಲ್ಲದಿದ್ದರೆ ಕುಡಿಯುವ ನೀರು ಕೆಡುವ ಭಯ. ಆಮೇಲೆ ಇನ್ನೊಂದು ಬಗೆಯ ಕೆಲಸ ಶುರುವಾಯಿತು. ಗಂಡ ಹೋದ ಹೆಂಗಸರು, ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಕ್ಕಳು, ಯಾರೂ ಇಲ್ಲದ ಮುದುಕರು ತಮ್ಮ ಊರಲ್ಲೇ ಒಟ್ಟಿಗೆ ಇರಲಿ ಅಂತ ‘ಮಮತಾ ಗೃಹ’ಗಳನ್ನು ಕಟ್ಟಿದರು. ಆಕ್ಷನ್‌ಏಡ್ ಸಂಸ್ಥೆ ಇದರಲ್ಲಿ ಮುಂದೆ ನಿಂತಿತ್ತು. ಮಗುವನ್ನು ದೂರದ ಅನಾಥಾಲಯಕ್ಕೆ ಕಳಿಸುವ ಬದಲು ಅದಕ್ಕೆ ಗೊತ್ತಿರುವ ಬೀದಿ, ಗೊತ್ತಿರುವ ಭಾಷೆ, ಗೊತ್ತಿರುವ ಮುಖಗಳ ನಡುವೆ ಬೆಳೆಸುವುದು. ನನ್ನ ಮಟ್ಟಿಗೆ ಆ ಇಡೀ ವರ್ಷದಲ್ಲಿ ಆದ ಅತಿ ಒಳ್ಳೆಯ ಕೆಲಸ ಅದೇ.

ಆ ಪೆಟ್ಟಿನಿಂದ ಒಡಿಶಾ ಕಲಿತದ್ದು ಬಹಳ. ಅದೇ ವರ್ಷ ವಿಪತ್ತು ನಿರ್ವಹಣೆಗೆ ಅಂತಲೇ ಒಂದು ರಾಜ್ಯ ಪ್ರಾಧಿಕಾರ ಮಾಡಿದರು. ಕರಾವಳಿ ಉದ್ದಕ್ಕೂ ಕಂಬಗಳ ಮೇಲೆ ನಿಂತ ಗಟ್ಟಿ ಆಶ್ರಯ ಕಟ್ಟಡಗಳು ಬಂದವು. ಈಗ 800ಕ್ಕೂ ಜಾಸ್ತಿ ಇವೆ. ಬೇರೆ ದಿನಗಳಲ್ಲಿ ಎಷ್ಟೋ ಕಡೆ ಅಲ್ಲಿ ಶಾಲೆ ನಡೆಯುತ್ತದೆ. ಅವನ್ನು ನೋಡಿಕೊಳ್ಳುವವರು ಊರಿನವರೇ. ಗಾಯಕ್ಕೆ ಪಟ್ಟಿ ಕಟ್ಟುವುದು, ನೀರಿಂದ ಜನರನ್ನು ಎತ್ತುವುದು, ಮೋಟಾರ್ ಗರಗಸದಲ್ಲಿ ಮರ ಕೊಯ್ಯುವುದು, ಎಲ್ಲವನ್ನೂ ಹಳ್ಳಿಯ ಹುಡುಗ ಹುಡುಗಿಯರಿಗೇ ಕಲಿಸಿದ್ದಾರೆ.

ಫಲ ಏನಾಯಿತು ನೋಡಿ. ಫನಿ ಬರುವ ಮುಂಚೆ ಸುಮಾರು 12 ಲಕ್ಷ ಜನರನ್ನು ಮನೆ ಬಿಡಿಸಿ ಸುರಕ್ಷಿತ ಜಾಗಕ್ಕೆ ಸೇರಿಸಿದರು. ಒಡಿಶಾದಲ್ಲಿ ಸತ್ತವರು 64 ಜನ. ಒಂದೊಂದು ಜೀವವೂ ದೊಡ್ಡದೇ. ಆದರೂ 1999ರ 10 ಸಾವಿರದ ಪಕ್ಕ ಇಟ್ಟು ನೋಡಿದಾಗ ಕಣ್ಣು ತೇವವಾಗುತ್ತದೆ.

ಹಾಗಾಗಿ ಮೊದಲ ವಾರದ ಅವಲಕ್ಕಿ ಬೆಲ್ಲ ಅಲ್ಲಿಯವರೇ ಹಂಚುತ್ತಾರೆ. ನಾನು ಸುಮ್ಮನೆ ಮಾತಿಗೆ ಹೇಳುತ್ತಿಲ್ಲ, ಅಲ್ಲಿ ನಿಜವಾಗಿಯೂ ಅವಲಕ್ಕಿ ಬೆಲ್ಲವೇ. ಚೂಡಾ, ಗುಡ ಅನ್ನುತ್ತಾರೆ. ಒಲೆ ಬೇಡ, ಕೆಡುವುದಿಲ್ಲ, ನೀರಲ್ಲಿ ನೆನೆಸಿದರೆ ಮಗುವೂ ತಿನ್ನುತ್ತದೆ. ಫನಿ ಆದ ಮೇಲೆ ಪುರಿ ಜಿಲ್ಲೆಯ ಪಡಿತರ ಕುಟುಂಬಗಳಿಗೆ ಸರ್ಕಾರ 50 ಕೆ.ಜಿ. ಅಕ್ಕಿ, 2,000 ರೂಪಾಯಿ, ಮಾಡಿಗೆ ಹೊದಿಸಲು ಪಾಲಿಥಿನ್ ಹಾಳೆ ಘೋಷಿಸಿತು. ಅಂದಮೇಲೆ ಬೆಂಗಳೂರಿಂದ ಅಕ್ಕಿ ಮೂಟೆ ಹೊರುವ ಅಗತ್ಯ ಎಲ್ಲಿದೆ, ಹೇಳಿ.

ಮೊದಲ ವಾರಕ್ಕೆ ಅಂತ ನೀವು ಕೊಡುವ ಅರ್ಧ ದುಡ್ಡು ಹೋಗಬೇಕಾದ್ದು ಮೊದಲು ನೀರಿಗೆ, ಆಮೇಲೆ ಮಾಡಿಗೆ, ಬೆಳಕಿಗೆ. ಕೈಪಂಪಿನ ಸುತ್ತ ಬ್ಲೀಚಿಂಗ್ ಪೌಡರ್, ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ, ಓಆರ್‌ಎಸ್ ಪೊಟ್ಟಣ, ಗಟ್ಟಿ ಟಾರ್ಪಾಲು, ಹಗ್ಗ, ಸೋಲಾರ್ ದೀಪ. ಫನಿ ಆದಮೇಲೆ ಎಷ್ಟೋ ಹಳ್ಳಿಗಳಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಮೇ ತಿಂಗಳ ಬಿಸಿಲು, ಮೇಲೆ ಪ್ಲಾಸ್ಟಿಕ್ ಹಾಳೆ, ಒಳಗೆ ಫ್ಯಾನ್ ಇಲ್ಲ. ಯೋಚಿಸಿ ನೋಡಿ.

ಬಟ್ಟೆಯ ಬಗ್ಗೆ ಇನ್ನೊಂದು ಮಾತು. ಬಟ್ಟೆ ಪೂರ್ತಿ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಯಲ್ಲಿ ದಾನದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಗೂಂಜ್ ಸಂಸ್ಥೆ ಅಂಥ ಲಕ್ಷಾಂತರ ಬಟ್ಟೆಯನ್ನು ಎತ್ತಿ, ಬೇರೆ ಮಾಡಿ ಉಪಯೋಗಕ್ಕೆ ತಂದಿತು. ವರ್ಷವಿಡೀ ಇದನ್ನೇ ಮಾಡುವವರು ಅವರು. ಉಡಲಾಗದ ಹತ್ತಿ ಬಟ್ಟೆಯಿಂದ ಹೆಂಗಸರಿಗೆ ತಿಂಗಳ ಪ್ಯಾಡ್ ಮಾಡುತ್ತಾರೆ. ಊರಿನವರು ಸೇರಿ ಬಾವಿಯನ್ನೋ ರಸ್ತೆಯನ್ನೋ ರಿಪೇರಿ ಮಾಡಿದರೆ ಅದಕ್ಕೆ ಪ್ರತಿಯಾಗಿ ಬಟ್ಟೆ ಕೊಡುತ್ತಾರೆ. ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗಿಲ್ಲ. ಕೊಡುವುದಿದ್ದರೆ ಇಂಥವರಿಗೆ, ಚಂಡಮಾರುತ ಇಲ್ಲದ ದಿನಗಳಲ್ಲಿ, ಒಗೆದು ಮಡಚಿ ಕೊಡಿ.

ಆ ಶಾಲೆಯ ಜಗಲಿಯಿಂದ ಒಂದು ಚೀಲ ನಾವು ಪಕ್ಕದ ಹಳ್ಳಿಗೆ ಒಯ್ದೆವು. ಅಲ್ಲೊಬ್ಬರು ಮುದುಕಿ, ಎಲ್ಲರೂ ಮೌಸಿ ಅನ್ನುತ್ತಿದ್ದರು. ಚೀಲದಿಂದ ಒಂದು ಸಿಂಥೆಟಿಕ್ ಸೀರೆ ತೆಗೆದು ಬೆರಳಲ್ಲಿ ಉಜ್ಜಿ ಪಕ್ಕಕ್ಕಿಟ್ಟರು. ಜರಿ ಲಂಗ ಪಕ್ಕಕ್ಕೆ. ಹಳೆ ಹತ್ತಿ ಪಂಚೆ ಸಿಕ್ಕಾಗ ಮಡಿಲಲ್ಲಿ ಇಟ್ಟುಕೊಂಡು ನಮ್ಮ ಮುಖ ನೋಡಿ ಏನೋ ಕೇಳಿದರು. ನಮ್ಮ ಜೊತೆಗಿದ್ದ ಹುಡುಗ ಹಿಂದಿಯಲ್ಲಿ ಹೇಳಿದ: ಸೂಜಿ ದಾರ ಇದೆಯಾ ಅಂತ ಕೇಳುತ್ತಿದ್ದಾರೆ, ಕಂಥಾ ಹೊಲಿಯಬೇಕಂತೆ. ನಮ್ಮ ಕೌದಿಯೇ ಅದು. ಪದರದ ಮೇಲೆ ಪದರ ಇಟ್ಟು ಸಾಲುಸಾಲಾಗಿ ಹೊಲಿಯುವುದು. ಅಜ್ಜಿಯ ಮನೆಯಲ್ಲಿ ನಾನು ಮಲಗಿದ್ದು ಅಂಥದ್ದರ ಮೇಲೆಯೇ. ಅರ್ಧ ಲಾರಿ ತುಂಬಿಸಿದ ನಮ್ಮಲ್ಲಿ ಒಬ್ಬರಿಗೂ ಒಂದು ಸೂಜಿ, ಒಂದು ದಾರದ ಉಂಡೆ ಇಡಬೇಕು ಅಂತ ಹೊಳೆದಿರಲಿಲ್ಲ.

ಈಗ ಮೂರನೇ ತಿಂಗಳ ಮಾತಿಗೆ ಬರೋಣ. ನಾವು ಹೋದಾಗ ಆ ಕಡೆ ಲಾರಿಗಳು ನಿಂತುಹೋಗಿದ್ದವು. ಅಕ್ಕಿ ಮುಗಿದಿತ್ತು. ದುಡಿಮೆ ಇನ್ನೂ ಶುರುವಾಗಿರಲಿಲ್ಲ. ಪುರಿ ಸುತ್ತ ಸಣ್ಣ ರೈತರಿಗೆ ಕೈಗೆ ಕಾಸು ಕೊಡುವುದು ವೀಳ್ಯದೆಲೆ. ನಮ್ಮಲ್ಲಿ ಬಳ್ಳಿಯನ್ನು ಮರಕ್ಕೆ ಹಬ್ಬಿಸುತ್ತೇವೆ. ಅಲ್ಲಿ ಬಿದಿರಿನ ಚಪ್ಪರ ಹಾಕಿ, ಸುತ್ತ ಮುಚ್ಚಿ, ನೆರಳು ಮಾಡಿ ಅದರೊಳಗೆ ಬೆಳೆಸುತ್ತಾರೆ. ಬರಜ ಅನ್ನುತ್ತಾರೆ. ಫನಿ ಆ ಚಪ್ಪರಗಳನ್ನೆಲ್ಲ ನೆಲಕ್ಕೆ ಮಲಗಿಸಿತ್ತು. ಬಿದಿರು ಕೊಂಡು ಮತ್ತೆ ಚಪ್ಪರ ಎಬ್ಬಿಸಬೇಕು, ಬಳ್ಳಿ ತಂದು ನೆಡಬೇಕು, ಎಲೆ ಕೀಳಲು ತಿಂಗಳುಗಟ್ಟಲೆ ಕಾಯಬೇಕು. ಬಿದ್ದ ತೆಂಗಿನ ಮರದ ಕತೆ ನಿಮಗೆ ಹೇಳಬೇಕಾಗಿಲ್ಲ. ಇವತ್ತು ಸಸಿ ನೆಟ್ಟರೆ ಕಾಯಿ ನೋಡಲು ಆರೇಳು ವರ್ಷ. ಸಮುದ್ರದ ನೀರು ಗದ್ದೆಗೆ ನುಗ್ಗಿದ್ದರೆ ಇನ್ನೂ ಕಷ್ಟ. 2009ರಲ್ಲಿ ಐಲಾ ಚಂಡಮಾರುತ ಬಂದಮೇಲೆ ಬಂಗಾಳದ ಸುಂದರಬನದಲ್ಲಿ ಉಪ್ಪು ಕೂತ ಹೊಲಗಳು ವರ್ಷಗಟ್ಟಲೆ ಸರಿಯಾಗಿ ಬೆಳೆ ಕೊಡಲಿಲ್ಲ. ಜನ ಗುಳೆ ಎದ್ದು ದೂರದ ಊರುಗಳಿಗೆ ಕೂಲಿಗೆ ಹೋದರು.

ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಅರ್ಜಿ. ಫನಿಯಲ್ಲಿ ಪೂರ್ತಿ ಬಿದ್ದ ಮನೆಗೆ 95,100 ರೂಪಾಯಿ ಪರಿಹಾರ ಇತ್ತು. ಆದರೆ ಸರ್ವೆ ಪಟ್ಟಿಯಲ್ಲಿ ಹೆಸರು ಇರಬೇಕು, ಪಾಸ್‌ಬುಕ್ ಇರಬೇಕು, ಆಧಾರ್ ಇರಬೇಕು. ಎಲ್ಲ ಕಾಗದ ನೀರುಪಾಲಾದವರು ಏನು ಮಾಡುತ್ತಾರೆ? ನಾನು ಹೊಟ್ಟೆಪಾಡಿಗೆ ಲೆಕ್ಕ ಬರೆಯುವವನು, ಗಾರೆ ಕೆಲಸ ಬರುವುದಿಲ್ಲ. ಅಲ್ಲಿದ್ದ ಹತ್ತು ದಿನ ಒಂದು ಮುರುಕು ಬೆಂಚಿನ ಮೇಲೆ ಕೂತು, ಒಡಿಯಾ ಬಲ್ಲ ಹುಡುಗನನ್ನು ಪಕ್ಕದಲ್ಲಿ ಇಟ್ಟುಕೊಂಡು, ಬ್ಯಾಂಕಿನ ಡೂಪ್ಲಿಕೇಟ್ ಪಾಸ್‌ಬುಕ್ಕಿಗೆ, ಪಟ್ಟಿಯಲ್ಲಿ ಬಿಟ್ಟುಹೋದ ಹೆಸರಿಗೆ ಅರ್ಜಿ ಸಿದ್ಧ ಮಾಡಿದೆವು. ನಮ್ಮ ಜೊತೆ ಬಂದಿದ್ದ ಬಡಗಿ ಮತ್ತು ಎಲೆಕ್ಟ್ರಿಷಿಯನ್ ಮಾಡಿದ ಕೆಲಸ ನನ್ನದಕ್ಕಿಂತ ದೊಡ್ಡದು. ಆದರೆ ಅರ್ಜಿ ಬರೆಯುವವರು ಕೂಡ ಅಲ್ಲಿಗೆ ಬೇಕು.

ಹೋಗುವ ಬಗ್ಗೆ ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಕೈಯಲ್ಲಿ ಒಂದು ಕಸುಬು ಇದ್ದು, ಅಲ್ಲಿಯವರು ಕರೆದರೆ ಮಾತ್ರ ಹೋಗಿ. ಮಲಗಲು ಜಾಗ, ಊಟ, ಕುಡಿಯುವ ನೀರು ನಿಮ್ಮದೇ ಇರಬೇಕು. ಎರಡು ದಿನಕ್ಕೆ ಹೋಗಿ ಫೋಟೊ ತೆಗೆದು ಬರುವುದಾದರೆ ಆ ಟಿಕೆಟ್ ದುಡ್ಡು ಅಲ್ಲಿಯ ಸಂಸ್ಥೆಗೆ ಕಳಿಸುವುದೇ ಒಳ್ಳೆಯದು. ನೆಲಕ್ಕುರುಳಿದ ಮನೆ ಮುಂದೆ ನಿಂತ ಮಕ್ಕಳ ಮುಖವನ್ನಂತೂ ದಯವಿಟ್ಟು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ.

ದುಡ್ಡು ಯಾರಿಗೆ ಕೊಡಬೇಕು? ಮುಖ್ಯಮಂತ್ರಿ ಪರಿಹಾರ ನಿಧಿಗಾದರೆ ಆ ರಾಜ್ಯದ ಅಧಿಕೃತ ವೆಬ್‌ಸೈಟಿಗೆ ನೀವೇ ಹೋಗಿ ಕಟ್ಟಿ. ಗ್ರೂಪಿನಲ್ಲಿ ಬಂದ ಯುಪಿಐ ನಂಬರಿಗೆ ಹಾಕಬೇಡಿ. ಪ್ರತಿ ವಿಪತ್ತಿನಲ್ಲೂ ಕಳ್ಳ ಖಾತೆಗಳು ಹುಟ್ಟಿಕೊಳ್ಳುತ್ತವೆ. ಸಂಸ್ಥೆಗಾದರೆ ಚಂಡಮಾರುತಕ್ಕೂ ಮುಂಚೆ ಆ ಜಿಲ್ಲೆಯಲ್ಲಿ ಅವರು ಕೆಲಸ ಮಾಡುತ್ತಿದ್ದರಾ ಅಂತ ಕೇಳಿ. ನಾನು ಮೊದಲು ಕೇಳುವುದು ಇದನ್ನೇ. ಆರು ತಿಂಗಳ ಮೇಲೂ ಅಲ್ಲಿ ಇರುತ್ತೀರಾ ಅಂತ ಕೂಡ ಕೇಳಿ. ತೆರಿಗೆ ವಿನಾಯಿತಿ ಬೇಕಿದ್ದರೆ ಅದಕ್ಕೆ ಬೇಕಾದ, 80ಜಿ ಅಂತ ಜನ ಕರೆಯುವ ರಶೀದಿ ಕೇಳಿ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ವಿದೇಶದಲ್ಲಿ ನಿಮ್ಮವರು ಇದ್ದರೆ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಡುವ ದುಡ್ಡು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರ ದುಡ್ಡು ವಿದೇಶಿ ದೇಣಿಗೆಯೇ, ಭಾರತ ಮೂಲದ ವಿದೇಶಿಯರಿಗೆ ಕೊಡುವ ಒಸಿಐ ಕಾರ್ಡ್ ಅವರ ಹತ್ತಿರ ಇದ್ದರೂ ಅಷ್ಟೇ. ಅದನ್ನು ವಿದೇಶಿ ದೇಣಿಗೆಯ ಕಾನೂನಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು.

ಕೊನೆಗೆ, ನೀವು ಕೇಳದೇ ಇದ್ದರೂ ಹೇಳಲೇಬೇಕಾದ ಒಂದು ವಿಷಯ. ನಿಮ್ಮ ಬೀದಿಯ ಹೋಟೆಲಲ್ಲಿ ತಟ್ಟೆ ತೊಳೆಯುವ ಹುಡುಗ, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ, ಕಟ್ಟಡಕ್ಕೆ ಕಬ್ಬಿಣ ಕಟ್ಟುವವನು ಒಡಿಶಾದವರು ಇರಬಹುದು. ಬಂಗಾಳದವರು ಇರಬಹುದು. ಚಂಡಮಾರುತದ ರಾತ್ರಿ ಅವರ ಫೋನ್ ಊರಿಗೆ ತಾಗುವುದಿಲ್ಲ. ಹೋಗಿ ಕೇಳಿ, ನಿನ್ನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ. ಎರಡು ತಿಂಗಳ ಸಂಬಳ ಮುಂಗಡ ಕೊಡಲು ಅವನ ಮಾಲೀಕರ ಹತ್ತಿರ ಮಾತಾಡಿ. ಬೆಂಗಳೂರಿಂದ ಭುವನೇಶ್ವರಕ್ಕೆ ಪ್ರಶಾಂತಿ ಎಕ್ಸ್‌ಪ್ರೆಸ್ ಇದೆ, ಟಿಕೆಟ್ ಮಾಡಿಸಿಕೊಡಿ. ಬೀದಿಯಲ್ಲಿ ಸೇರಿದ ದುಡ್ಡಲ್ಲಿ ಒಂದು ಪಾಲು ಅವನ ಕೈಗೇ ಕೊಡಿ, ಟಾರ್ಪಾಲು, ಬಿದಿರು ಏನು ಬೇಕೋ ಅಲ್ಲೇ ಕೊಳ್ಳುತ್ತಾನೆ. ಮಾಡು ಕಟ್ಟಿ ವಾಪಸ್ ಬರುವವರೆಗೆ ಅವನ ಕೆಲಸ ಬೇರೆಯವರಿಗೆ ಹೋಗದ ಹಾಗೆ ನೋಡಿಕೊಳ್ಳಿ. ಅವನ ಚೀಲದಲ್ಲಿ ಸೂಜಿ ದಾರ ಹಾಕಲು ಮರೆಯಬೇಡಿ.